ತೊಟ್ಟಿಲಿಗೆ ಕೊಡುವ ಹೆಣಿಗೆಯಲ್ಲಿ ಹೊಸದನ್ನು ಕಲಿಯಬಹುದೇ?

ಪ್ರಶ್ನೆ: ನಾನು ಪುಣೆಯ ಚಿಂಚವಡದಲ್ಲಿದ್ದೇನೆ, ಊರು ವಿಜಯಪುರ. ಅತ್ತೆಯವರಿಂದ ಉಲ್ಲನ್ ಹೆಣಿಗೆ ಕಲಿತು ಮಫ್ಲರ್, ತೋಳಿಲ್ಲದ ಸ್ವೆಟರ್ ಮಾಡಿದ್ದೇನೆ. ಸೀದಾ, ಉಲ್ಟಾ ಎಂಬ ಎರಡು ಮೂಲ ಹೆಣಿಗೆ ಬಿಟ್ಟರೆ ಬೇರೇನೂ ಬಾರದು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ತಂಗಿಯ ಮಗಳಿಗೆ ನವೆಂಬರಿನಲ್ಲಿ ಹೆರಿಗೆ. ತೊಟ್ಟಿಲು ಕಾರ್ಯಕ್ಕೆ ಕುಲಾವಿ, ಸ್ವೆಟರ್, ಹೊದಿಕೆ ಮೂರನ್ನೂ ಕೈಯಾರೆ ಹೆಣೆದು ಕೊಡುವ ಆಸೆ. ಸುತ್ತು ಕಡ್ಡಿ (ತಂತಿಯಿಂದ ಜೋಡಿಸಿದ ಕಡ್ಡಿ), ಲೇಸ್ (ತೂತುಗಳ ವಿನ್ಯಾಸ), ಕೇಬಲ್ (ಜಡೆಯಂಥ ವಿನ್ಯಾಸ) ಎಲ್ಲವನ್ನೂ ವಿಡಿಯೋ ನೋಡಿ ಕಲಿಯುತ್ತಿದ್ದೇನೆ. ಅಮೆರಿಕದ ಪ್ಯಾಟರ್ನ್ ಹೇಳಿದಂತೆ 8ನೇ ನಂಬರಿನ ಕಡ್ಡಿಯನ್ನು ಇಲ್ಲಿಯೇ ಕೊಂಡು ಕುಲಾವಿ ಹೆಣೆದರೆ ಅದು ತೀರ ಬಿಗಿಯಾಗಿದೆ. ಕುಣಿಕೆಗಳು ಹುರಿ ಹಾಕಿದಂತೆ ತಿರುಚಿಕೊಂಡು ಇಡೀ ಹೆಣಿಗೆ ಒಂದು ಬದಿಗೆ ವಾಲಿದೆ. ಎಲೆಯ ಲೇಸಿನಲ್ಲಿ ಗೆರೆಗಳು ದಪ್ಪವಾಗಿ ಕಾಣುತ್ತವೆ, ಕುಣಿಕೆಗಳ ಲೆಕ್ಕವೂ ತಪ್ಪುತ್ತದೆ. ಉಡುಗೊರೆಯಲ್ಲಿ ಹೊಸದನ್ನು ಕಲಿಯಹೊರಟದ್ದೇ ತಪ್ಪೇ? ಬಂದದ್ದನ್ನೇ ಹೆಣೆದು ಕೊಡಲೇ?

ಉತ್ತರ: ಹೊಸದನ್ನು ಕಲಿಯಹೊರಟದ್ದು ತಪ್ಪಲ್ಲ. ಒಂದು ನಿರ್ದಿಷ್ಟ ಮಗುವಿಗಾಗಿ, ಒಂದು ನಿರ್ದಿಷ್ಟ ದಿನಕ್ಕಾಗಿ ಹೆಣೆಯುವಾಗ ಕೈಗೆ ಬರುವ ಶ್ರದ್ಧೆ ಸುಮ್ಮನೆ ಅಭ್ಯಾಸದ ತುಂಡು ಹೆಣೆಯುವಾಗ ಬರುವುದಿಲ್ಲ. ಆದರೆ ಒಂದು ವಸ್ತುವಿನಲ್ಲಿ ಒಂದೇ ಹೊಸ ವಿಷಯವಿರಬೇಕು, ಮತ್ತು ಅದಕ್ಕೂ ಮೊದಲು ಕಡ್ಡಿಯ ಮೇಲೆ ಕುಳಿತಿರುವ ಕುಣಿಕೆಯನ್ನು ಓದಲು ಬರಬೇಕು. ನೀವು ಬರೆದಿರುವ ತೊಂದರೆಗಳಲ್ಲಿ ಹೆಚ್ಚಿನವು ಲೇಸಿನವೂ ಅಲ್ಲ, ಸುತ್ತು ಕಡ್ಡಿಯವೂ ಅಲ್ಲ. ನೀವು ಉಲ್ಟಾ ಹೆಣೆಯುವ ರೀತಿಯಿಂದ ಹುಟ್ಟಿದವು ಎಂದು ನನಗೆ ಅನಿಸುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಇಪ್ಪತ್ತು ಕುಣಿಕೆ ಹಾಕಿಕೊಂಡು ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆಯಿರಿ. ಉಲ್ಟಾ ಸಾಲು ಮುಗಿದ ಮೇಲೆ ಕಡ್ಡಿಯನ್ನು ತಿರುಗಿಸಿ ಎಡಗೈಗೆ ತೆಗೆದುಕೊಂಡು, ಏನನ್ನೂ ಹೆಣೆಯದೆ, ಮೊದಲ ನಾಲ್ಕೈದು ಕುಣಿಕೆಗಳನ್ನು ಬೆಳಕಿನಲ್ಲಿ ನೋಡಿರಿ. ಪ್ರತಿ ಕುಣಿಕೆಗೂ ಎರಡು ಕಾಲುಗಳಿವೆ: ಒಂದು ಕಡ್ಡಿಯ ಈಚೆಗೆ, ಒಂದು ಆಚೆಗೆ. ಇವೆರಡರಲ್ಲಿ ಯಾವ ಕಾಲು ಕಡ್ಡಿಯ ತುದಿಗೆ ಹತ್ತಿರವಿದೆ ಎಂಬುದೇ ಮುಖ್ಯ. ವಿಡಿಯೋಗಳಲ್ಲಿ ಹೆಣೆಯುವ ಬಹುಪಾಲು ಮಂದಿಗೆ ಈಚೆಯ ಕಾಲು ತುದಿಗೆ ಹತ್ತಿರವಿರುತ್ತದೆ. ನಿಮ್ಮಲ್ಲಿ ಆಚೆಯ ಕಾಲು ತುದಿಗೆ ಹತ್ತಿರವಿದ್ದರೆ, ನೀವು ಉಲ್ಟಾ ಹೆಣೆಯುವಾಗ ದಾರವನ್ನು ಕಡ್ಡಿಯ ಮೇಲಿನಿಂದ ಸುತ್ತದೆ ಕೆಳಗಿನಿಂದ ಎತ್ತಿಕೊಳ್ಳುತ್ತಿದ್ದೀರಿ ಎಂದು ಅರ್ಥ. ಮನೆಯಲ್ಲಿ ಹಿರಿಯರಿಂದ ಕಲಿತ ಎಷ್ಟೋ ಹೆಂಗಸರ ಕೈ ಹೀಗಿದೆ. ಹಾಗೆ ಹೆಣೆಯುವವರು ಮುಂದಿನ ಸೀದಾ ಸಾಲಿನಲ್ಲಿ, ತಮಗೆ ಅರಿವಿಲ್ಲದೆಯೇ, ಕುಣಿಕೆಯ ಹಿಂದಿನ ಕಾಲಿನಲ್ಲಿ ಕಡ್ಡಿ ಹಾಕುತ್ತಾರೆ. ಒಂದನ್ನೊಂದು ಸರಿಪಡಿಸುವುದರಿಂದ ಹೆಣಿಗೆ ಅಚ್ಚುಕಟ್ಟಾಗಿ, ಸಮವಾಗಿ ಬರುತ್ತದೆ; ನಿಮ್ಮ ತೋಳಿಲ್ಲದ ಸ್ವೆಟರುಗಳು ಚೆನ್ನಾಗಿಯೇ ಬಂದಿರಬೇಕು.

ಸುತ್ತು ಕಡ್ಡಿಯಲ್ಲಿ ಈ ಜೋಡಿ ಮುರಿಯುತ್ತದೆ. ಸುತ್ತಿನಲ್ಲಿ ಹೆಣೆಯುವಾಗ ಬಟ್ಟೆಯ ಮುಂಭಾಗವೇ ಸದಾ ನಮ್ಮ ಎದುರಿಗಿರುವುದರಿಂದ ಸಾದಾ ಹೆಣಿಗೆಗೆ ಉಲ್ಟಾ ಸಾಲು ಬೇಕಾಗುವುದೇ ಇಲ್ಲ; ಎಲ್ಲ ಸುತ್ತುಗಳೂ ಸೀದಾ. ಸೀದಾ ಹೆಣೆದ ಕುಣಿಕೆಯ ಈಚೆಯ ಕಾಲು ತುದಿಗೆ ಹತ್ತಿರವಿರುತ್ತದೆ. ಆದರೆ ಕೈ ತನ್ನ ರೂಢಿಯಂತೆ ಹಿಂದಿನ ಕಾಲನ್ನೇ ಹುಡುಕಿಕೊಂಡು ಹೋಗುತ್ತದೆ. ಆಗ ಒಂದೊಂದು ಕುಣಿಕೆಯೂ ಬುಡದಲ್ಲಿ ತಿರುಚಿಕೊಳ್ಳುತ್ತದೆ, ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ, ಮತ್ತು ಎಲ್ಲ ಸುತ್ತಿನಲ್ಲೂ ಒಂದೇ ದಿಕ್ಕಿಗೆ ತಿರುಚುವುದರಿಂದ ಇಡೀ ಕೊಳವೆ ಓರೆಯಾಗುತ್ತದೆ. ನಿಮ್ಮ ಕುಲಾವಿಯ ಬಿಗಿ, ಹುರಿ, ವಾಲು ಮೂರಕ್ಕೂ ಇದೇ ಮೂಲ. ಲೇಸಿನಲ್ಲೂ ಅಷ್ಟೇ: ‘ಎರಡನ್ನು ಕೂಡಿಸಿ ಸೀದಾ’ ಎಂದು ವಿಡಿಯೋ ಹೇಳಿದಾಗ, ತಿರುಗಿ ಕುಳಿತಿರುವ ನಿಮ್ಮ ಕುಣಿಕೆಗಳ ಮುಂದಿನ ಕಾಲಿನಲ್ಲಿ ಕಡ್ಡಿ ಹಾಕಿದರೆ ಎರಡೂ ಕುಣಿಕೆಗಳು ತಿರುಚಿಯೇ ಕೂಡುತ್ತವೆ. ಎಲೆಯ ಗೆರೆ ದಪ್ಪವಾಗಿ ಕಾಣುವುದು ಅದರಿಂದ.

ಪರಿಹಾರವೆಂದು ಅತ್ತೆಯವರು ಕಲಿಸಿದ ಕೈಯನ್ನು ಬಿಡಿಸುವುದು ನನಗೆ ಇಷ್ಟವಿಲ್ಲ. ಆ ರೀತಿಯ ಉಲ್ಟಾ ಬೇಗ ಸಾಗುತ್ತದೆ, ಸಡಿಲಾಗುವುದಿಲ್ಲ. ಮೇಲಿನಿಂದ ದಾರ ಸುತ್ತುವವರ ಉಲ್ಟಾ ಸಾಲುಗಳು ಸೀದಾ ಸಾಲುಗಳಿಗಿಂತ ಸಡಿಲಾಗಿ ಬಟ್ಟೆಯ ಹಿಂಬದಿಯಲ್ಲಿ ಪಟ್ಟೆ ಕಾಣುವುದು ಸಾಮಾನ್ಯ ತೊಂದರೆ, ಅದು ನಿಮಗಿಲ್ಲ. ನೀವು ಒಂದೇ ನಿಯಮ ಇಟ್ಟುಕೊಳ್ಳಿರಿ: ಕುಣಿಕೆ ಹೇಗೆ ಕುಳಿತಿದ್ದರೂ ತುದಿಗೆ ಹತ್ತಿರವಿರುವ ಕಾಲಿನಲ್ಲೇ ಕಡ್ಡಿ ಹೊಗಿಸಿರಿ. ಹಾಗೆ ಮಾಡಿದರೆ ಯಾವ ಕುಣಿಕೆಯೂ ತಿರುಚುವುದಿಲ್ಲ. ಸುತ್ತಿನಲ್ಲಿ ಹೆಣೆಯುವಾಗ ಅದು ಈಚೆಯ ಕಾಲಾಗಿರುತ್ತದೆ, ಸಾಲು ಮುಗಿದಾಗಲೆಲ್ಲ ತಿರುಗಿಸಿ ಹೆಣೆಯುವ ನಿಮ್ಮ ಚಪ್ಪಟೆ ಹೆಣಿಗೆಯ ಸೀದಾ ಸಾಲಿನಲ್ಲಿ ಆಚೆಯ ಕಾಲಾಗಿರುತ್ತದೆ. ಲೇಸಿನಲ್ಲಿ ಎಡಕ್ಕೆ ವಾಲುವ ಗೆರೆ ಬೇಕಾದಾಗ, ತಿರುಗಿ ಕುಳಿತ ಎರಡು ಕುಣಿಕೆಗಳನ್ನು ಹಿಂದಿನ ಕಾಲಿನಿಂದ ನೇರವಾಗಿ ಕೂಡಿಸಿದರೆ ಸಾಕು. ವಿಡಿಯೋದವರು ಕುಣಿಕೆಗಳನ್ನು ಜಾರಿಸಿ, ತಿರುಗಿಸಿ ಪಡುವ ಶ್ರಮ ನಿಮಗೆ ಉಳಿಯುತ್ತದೆ. ಬಲಕ್ಕೆ ವಾಲುವ ಗೆರೆ ಬೇಕಾದಾಗ ಮಾತ್ರ ಎರಡೂ ಕುಣಿಕೆಗಳನ್ನು ಒಂದೊಂದಾಗಿ ತಿರುಗಿಸಿ ಕೂರಿಸಿ, ಬಳಿಕ ಮುಂದಿನಿಂದ ಕೂಡಿಸಿರಿ. ಇದನ್ನು ಒಂದು ಸಂಜೆ ತಿಳಿ ಬಣ್ಣದ ದಾರದಲ್ಲಿ, ದಪ್ಪ ಕಡ್ಡಿಯಲ್ಲಿ ಮಾಡಿ ನೋಡಿರಿ. ಕಪ್ಪು, ಕಡುನೀಲಿ ದಾರದಲ್ಲಿ ಕಾಲುಗಳು ಕಾಣುವುದಿಲ್ಲ.

ಇನ್ನು ಕಡ್ಡಿಯ ನಂಬರು. ನಮ್ಮ ಅಂಗಡಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಹಳೆಯ ಬ್ರಿಟಿಷ್ ಲೆಕ್ಕ. ಅದರಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ತೆಳುವಾಗುತ್ತದೆ. 12ನೇ ನಂಬರು 2.75 ಮಿ.ಮೀ., 10ನೇ ನಂಬರು 3.25 ಮಿ.ಮೀ., 8ನೇ ನಂಬರು 4 ಮಿ.ಮೀ. ಅಮೆರಿಕದ ಲೆಕ್ಕದಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ದಪ್ಪವಾಗುತ್ತದೆ. ಅಲ್ಲಿಯ 8ನೇ ನಂಬರು 5 ಮಿ.ಮೀ. ಎಂದರೆ ಪ್ಯಾಟರ್ನ್ ಬರೆದವರು ನಿರೀಕ್ಷಿಸಿದ್ದಕ್ಕಿಂತ ಒಂದು ಮಿಲಿಮೀಟರ್ ತೆಳುವಾದ ಕಡ್ಡಿಯಲ್ಲಿ ನೀವು ಹೆಣೆದಿರಿ. ತಿರುಚಿದ ಕುಣಿಕೆಯ ಬಿಗಿಗೆ ಇದೂ ಸೇರಿಕೊಂಡಿತು. ಇನ್ನು ಮುಂದೆ ಕಡ್ಡಿಯನ್ನು ಮಿಲಿಮೀಟರಿನಲ್ಲಿಯೇ ಕೇಳಿ ಕೊಳ್ಳಿರಿ. ಪುಣೆಯ ತುಳಸಿಬಾಗಿನಲ್ಲಾಗಲಿ ರವಿವಾರ ಪೇಠೆಯ ಬೋಹರಿ ಆಳಿಯಲ್ಲಾಗಲಿ ಪ್ಯಾಕೆಟ್ಟಿನ ಮೇಲೆ ಎರಡೂ ಮುದ್ರಿತವಾಗಿರುವುದನ್ನು ನೋಡಿ ಕೊಳ್ಳಬಹುದು.

ದಾರದ ವಿಚಾರಕ್ಕೆ ಬರೋಣ. ನೀವು ಹೆಣೆಯುವುದು ಚಿಂಚವಡದಲ್ಲಿ, ಮಗು ತೊಡುವುದು ಡೊಂಬಿವಲಿಯಲ್ಲಿ. ಡಿಸೆಂಬರಿನ ರಾತ್ರಿ ಪುಣೆಯಲ್ಲಿ ಶಾಲು ಬೇಕೆನಿಸಿದರೆ ಅದೇ ರಾತ್ರಿ ಅಲ್ಲಿ ಎಷ್ಟೋ ಮನೆಗಳಲ್ಲಿ ಫ್ಯಾನ್ ತಿರುಗುತ್ತಿರುತ್ತದೆ. ಅಲ್ಲಿಯ ತೇವದ ಹವೆಗೆ ದಪ್ಪ ಉಣ್ಣೆ ಹೊಂದುವುದಿಲ್ಲ. ಅಂಗಡಿಯಲ್ಲಿ ‘ಬೇಬಿ ವುಲ್’ ಎಂದು ಕೊಡುವುದು ಹೆಚ್ಚಾಗಿ ಅಕ್ರಿಲಿಕ್ ಆಗಿರುತ್ತದೆ, ಲೇಬಲ್ ಓದಿರಿ. ಅದು ಮೃದು, ಅಗ್ಗ, ಒಗೆಯಲು ಸುಲಭ, ಆದರೆ ಬೆವರನ್ನು ಹೀರುವುದಿಲ್ಲ, ಮತ್ತು ಬಿಸಿ ತಾಗಿದರೆ ಕರಗುತ್ತದೆ. ಮಗುವಿಗೆ ಎಣ್ಣೆ-ನೀರು ಆದ ಮೇಲೆ ಕೆಂಡದ ಮೇಲೆ ಲೋಬಾನದ ಹೊಗೆ ಹಾಕುವ ಪದ್ಧತಿ ನಮ್ಮ ಕಡೆಯ ಮನೆಗಳಲ್ಲಿ ಇನ್ನೂ ಇರುವುದರಿಂದ ಈ ಮಾತನ್ನು ಬಾಣಂತಿಯ ಮನೆಯವರಿಗೆ ತಿಳಿಸುವುದು ಅಗತ್ಯ. ನಿಮ್ಮ ಉಡುಗೊರೆಗೆ ಹತ್ತಿಯ ದಾರ ಅಥವಾ ಹತ್ತಿ-ಅಕ್ರಿಲಿಕ್ ಮಿಶ್ರ ದಾರ ಸರಿ ಎಂದು ನನ್ನ ಅಭಿಪ್ರಾಯ. ಹೆಣಿಗೆಯೆಂದರೆ ಉಣ್ಣೆಯೇ ಆಗಬೇಕು, ಹತ್ತಿ ಎರಡನೆಯ ದರ್ಜೆಯದು ಎಂಬ ಭಾವನೆ ಬೇಡ. ಎರಡು ಕಡ್ಡಿಗಳ ಹೆಣಿಗೆಯ ಅತ್ಯಂತ ಹಳೆಯ ಉಳಿಕೆಗಳಲ್ಲಿ ಈಜಿಪ್ಟಿನಲ್ಲಿ ದೊರೆತ ನೀಲಿ-ಬಿಳಿ ಹತ್ತಿಯ ಕಾಲುಚೀಲಗಳಿವೆ. ಆದರೆ ಹತ್ತಿಗೆ ಉಣ್ಣೆಯ ಹಿಗ್ಗು ಇಲ್ಲ, ಬೆರಳಿಗೆ ಸ್ವಲ್ಪ ಬಿರುಸು, ಕುಣಿಕೆಗಳ ಏರುಪೇರನ್ನು ಮುಚ್ಚುವುದೂ ಇಲ್ಲ. ಮಿಶ್ರ ದಾರದಲ್ಲಿ ಇವು ಕಡಿಮೆ. ನಮ್ಮ ದಖ್ಖನಿ ಕುರಿಯ ಉಣ್ಣೆಯ ಮೇಲೆ ನನಗೆ ಬಹಳ ಅಭಿಮಾನವಿದೆ, ಧನಗರರ ಘೋಂಗಡಿಯೂ ಕುರುಬರ ಕಂಬಳಿಯೂ ಅದರಿಂದಲೇ ಆಗುವುದು. ಆದರೆ ಅದು ಹೆಗಲಿಗೆ ಹಾಕಿಕೊಳ್ಳುವ ಒರಟು ಉಣ್ಣೆ, ಹಸುಗೂಸಿನ ಚರ್ಮಕ್ಕಲ್ಲ. ಯಾವ ದಾರ ಕೊಂಡರೂ ಎಲ್ಲ ಉಂಡೆಗಳ ಲೇಬಲ್ಲಿನ ಮೇಲೆ ಬಣ್ಣದ ಲಾಟ್ ನಂಬರು (ಒಂದೇ ಸಲ ಬಣ್ಣ ಹಾಕಿದ ದಾರದ ಗುರುತು) ಒಂದೇ ಇದೆಯೇ ಎಂದು ನೋಡಿ, ಬೇಕಾದಷ್ಟನ್ನೂ ಒಮ್ಮೆಗೇ ಕೊಳ್ಳಿರಿ.

ಈಗ ಕುಲಾವಿ. ಇದರಲ್ಲಿ ಕಲಿಯಬೇಕಾದ ಹೊಸ ವಿಷಯ ಸುತ್ತಿನ ಹೆಣಿಗೆ ಒಂದೇ. ಲೇಸನ್ನೂ ಕೇಬಲನ್ನೂ ಇದಕ್ಕೆ ಸೇರಿಸಬೇಡಿ. ಮೂರು ತಿಂಗಳ ಮಗುವಿನ ತಲೆಯ ಸುತ್ತಳತೆ ಸುಮಾರು 40 ಸೆಂ.ಮೀ. ಇರುತ್ತದೆ. ಹುಟ್ಟಿದ ಮಗುವಿನ ಅಳತೆಗೆ ಹೆಣೆದರೆ ಕೆಲವೇ ವಾರಗಳಲ್ಲಿ ಚಿಕ್ಕದಾಗುವುದರಿಂದ ಈ ಅಳತೆಯೇ ಮೇಲು. ಕುಲಾವಿ ತಲೆಗೆ ಹಿಡಿದು ಕೂರಬೇಕಾದ್ದರಿಂದ 36 ಸೆಂ.ಮೀ. ಸಾಕು. 4 ಮಿ.ಮೀ. ಕಡ್ಡಿಯಲ್ಲಿ, ಎಂಟು ಎಳೆಯ ದಾರದಲ್ಲಿ ಹೆಣೆದ ಮಾದರಿ ತುಂಡಿನಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬಂದರೆ, 36 ಸೆಂ.ಮೀ.ಗೆ 79 ಚಿಲ್ಲರೆ. 80 ಎಂದು ಇಟ್ಟುಕೊಳ್ಳೋಣ. ಅದೇ 80 ಕುಣಿಕೆಗಳು ತಿರುಚಿ, ಬಿಗಿದು 10 ಸೆಂ.ಮೀ.ಗೆ 25 ಆಗಿಬಿಟ್ಟರೆ ಕುಲಾವಿ 32 ಸೆಂ.ಮೀ.ಗೆ ಇಳಿಯುತ್ತದೆ, ನಿಮ್ಮದು ಹೀಗೆಯೇ ಇಳಿದಿರಬೇಕು. ಮಾದರಿ ತುಂಡನ್ನೂ ಸುತ್ತಿನಲ್ಲೇ ಹೆಣೆದು, ಒಗೆದು, ಒಣಗಿಸಿ ಅಳೆಯಿರಿ. ಚಪ್ಪಟೆಯಾಗಿ ಹೆಣೆದ ತುಂಡಿನ ಲೆಕ್ಕ ಸುತ್ತಿನ ಹೆಣಿಗೆಗೆ ಹೊಂದುತ್ತದೆ ಎಂಬ ಭರವಸೆ ಇಲ್ಲ, ನಿಮ್ಮ ಕೈಗಂತೂ ಹೊಂದುವುದಿಲ್ಲ.

ಕಡ್ಡಿ 80 ಸೆಂ.ಮೀ. ಉದ್ದದ, ಮೆತ್ತನೆಯ ತಂತಿಯ ಸುತ್ತು ಕಡ್ಡಿ ಇರಲಿ. ಮ್ಯಾಜಿಕ್ ಲೂಪ್ ವಿಧಾನದಲ್ಲಿ ಕುಣಿಕೆಗಳನ್ನು ಎರಡು ಪಾಲು ಮಾಡಿ, ಪಾಲುಗಳ ನಡುವೆ ತಂತಿಯನ್ನು ಹೊರಗೆಳೆದು ಹೆಣೆಯುತ್ತಾ ಹೋದರೆ ಅಂಚಿನಿಂದ ನೆತ್ತಿಯವರೆಗೆ ಈ ಒಂದೇ ಕಡ್ಡಿ ಸಾಕಾಗುತ್ತದೆ. 80 ಕುಣಿಕೆ ಹಾಕಿದ ಮೇಲೆ ಸುತ್ತು ಕೂಡಿಸುವಾಗ ಅಂಚು ಎಲ್ಲಿಯೂ ಕಡ್ಡಿಗೆ ಸುತ್ತಿಕೊಂಡಿರಬಾರದು. ಹಾಗೇ ಕೂಡಿಸಿ ಮುಂದುವರಿದರೆ ಹೆಣಿಗೆಯನ್ನು ಬಿಚ್ಚದೆ ಆ ಸುರುಳಿಯನ್ನು ಸರಿಪಡಿಸಲಾಗದು. ಹೊಸಬರಿಗೆ ನಾನು ಸಲಹೆ ಮಾಡುವುದು ಮೊದಲ ಎರಡು ಸಾಲನ್ನು ಚಪ್ಪಟೆಯಾಗಿ ಹೆಣೆದು ಬಳಿಕ ಕೂಡಿಸಬೇಕೆಂದು. ಅಷ್ಟು ಅಗಲದ ಪಟ್ಟಿ ಇದ್ದರೆ ಸುರುಳಿ ಕಣ್ಣಿಗೆ ಕಾಣುತ್ತದೆ, ಉಳಿಯುವ ಚಿಕ್ಕ ಸೀಳನ್ನು ದಾರದ ತುದಿಯಿಂದಲೇ ಹೊಲಿದುಬಿಡಬಹುದು. ಅಂಚಿಗೆ ರಿಬ್ (ಸೀದಾ, ಉಲ್ಟಾ ಬೆರೆಸಿದ ಹಿಗ್ಗುವ ಪಟ್ಟಿ) ಬೇಡ. ಬರೀ ಸೀದಾ ಹೆಣೆದರೆ ಕೆಳಗಿನ ಅಂಚು ತಾನಾಗಿ ಹೊರಕ್ಕೆ ಸುರುಳಿಯಾಗಿ ಮಗುವಿನ ಹಣೆಯ ಮೇಲೆ ಮೆತ್ತಗೆ ಕೂರುತ್ತದೆ, ಉಲ್ಟಾ ಕುಣಿಕೆಯ ಗೊಡವೆಯೇ ಬರುವುದಿಲ್ಲ. ಎರಡು ಪಾಲುಗಳು ಸೇರುವಲ್ಲಿ ಏಣಿಯಂಥ ಸಡಿಲು ಗೆರೆ ಮೂಡಿದರೆ, ಪ್ರತಿ ಪಾಲಿನ ಎರಡನೆಯ ಕುಣಿಕೆ ಹೆಣೆದ ಕೂಡಲೇ ದಾರವನ್ನು ಒಮ್ಮೆ ಜಗ್ಗಿರಿ.

ಅಂಚಿನ ಸುರುಳಿ ಬಿಟ್ಟು 11 ಸೆಂ.ಮೀ. ಎತ್ತರ ಬಂದ ಮೇಲೆ ನೆತ್ತಿ. ಎಂಟು ಸೀದಾ, ಎರಡು ಕೂಡಿಸಿ ಒಂದು. ಇದನ್ನು ಸುತ್ತಿನಲ್ಲಿ ಎಂಟು ಸಲ ಮಾಡಿದರೆ 72 ಕುಣಿಕೆ ಉಳಿಯುತ್ತವೆ. ಮುಂದಿನ ಸುತ್ತು ಸಾದಾ. ಆಮೇಲೆ ಏಳು ಸೀದಾ, ಎರಡು ಕೂಡಿಸಿ ಒಂದು, ಮತ್ತೆ ಸಾದಾ ಸುತ್ತು. ಹೀಗೆ ಇಳಿಸುತ್ತಾ ಎಂಟೇ ಕುಣಿಕೆ ಉಳಿದಾಗ ದಾರ ಕತ್ತರಿಸಿ, ಅವುಗಳ ಮೂಲಕ ಪೋಣಿಸಿ ಎಳೆದು ಒಳಗೆ ಭದ್ರ ಮಾಡಿರಿ. ಕೂಡಿಸುವಾಗಲೂ ತುದಿಗೆ ಹತ್ತಿರದ ಕಾಲಿನ ನಿಯಮವನ್ನೇ ಪಾಲಿಸಿದರೆ ನೆತ್ತಿಯ ಮೇಲೆ ಎಂಟು ಗೆರೆಗಳು ಬಲಕ್ಕೆ ವಾಲಿ ಸುಳಿಯಂತೆ ಸೇರುತ್ತವೆ. ಮೊದಲ ಕುಲಾವಿ ನಿಮಗೆ ಒಪ್ಪಿಗೆಯಾಗದಿದ್ದರೆ ಎರಡನೆಯದನ್ನು ಹೆಣೆಯಿರಿ. ಒಂದಕ್ಕೆ 50 ಗ್ರಾಂ ದಾರ ಸಾಕು, ಸಮಯವೂ ಹೆಚ್ಚು ಹೋಗುವುದಿಲ್ಲ. ಊರಿನ ಕುಂಚಿಗೆಯ ನೆನಪಿನಲ್ಲಿ ಗದ್ದದ ಕೆಳಗೆ ಕಟ್ಟುವ ಲಾಡಿ ಇಡುವ ಮನಸ್ಸಾದರೂ ಇಡಬೇಡಿ. ಕತ್ತಿನ ಬಳಿ ದಾರ, ಗುಂಡಿ, ಉಲ್ಲನ್ ಚೆಂಡು ಹಸುಗೂಸಿಗೆ ಸಲ್ಲವು. ಮನೆಯೊಳಗೆ ಮಲಗಿಸುವಾಗ ಕುಲಾವಿಯನ್ನು ತೆಗೆಯಬೇಕು ಎಂದೂ ಹೇಳಿರಿ.

ಹೊದಿಕೆಯಲ್ಲಿ ಲೇಸಿನ ಮೊದಲ ಪಾಠ ಕಲಿಯಿರಿ, ಆದರೆ ಎಲೆಯ ವಿನ್ಯಾಸದಿಂದಲ್ಲ. ಲೇಸಿನ ತಿರುಳು ಇಷ್ಟೇ: ಕಡ್ಡಿಯ ಮೇಲೆ ದಾರ ಸುತ್ತಿ ಮಾಡಿದ ಪ್ರತಿ ತೂತೂ ಒಂದು ಕುಣಿಕೆಯನ್ನು ಹೆಚ್ಚಿಸುತ್ತದೆ, ಅದಕ್ಕೆ ಪ್ರತಿಯಾಗಿ ಎಲ್ಲೋ ಎರಡು ಕುಣಿಕೆ ಕೂಡಬೇಕು. ಎಲೆಯ ವಿನ್ಯಾಸದಲ್ಲಿ ಈ ಎರಡೂ ಬೇರೆ ಬೇರೆ ಜಾಗದಲ್ಲಿ ನಡೆಯುವುದರಿಂದ ಹೊಸಬರಿಗೆ ಲೆಕ್ಕ ತಪ್ಪುತ್ತದೆ. ಹೆಚ್ಚಿನ ಸಲ ಸಾಲಿನ ಕೊನೆಯ ತೂತೇ ಜಾರಿಹೋಗಿರುತ್ತದೆ. ಮೂಲೆಯಿಂದ ಮೂಲೆಗೆ ಹೆಣೆಯುವ ಚೌಕ ಹೊದಿಕೆಯಲ್ಲಿ ತೂತುಗಳು ಅಂಚಿನಲ್ಲಿ ಮಾತ್ರ ಬರುತ್ತವೆ. ನಾಲ್ಕು ಕುಣಿಕೆ ಹಾಕಿ ಒಂದು ಸಾಲು ಸೀದಾ ಹೆಣೆಯಿರಿ. ಆಮೇಲೆ ಪ್ರತಿ ಸಾಲಿನಲ್ಲೂ ಎರಡು ಸೀದಾ, ದಾರ ಸುತ್ತಿ ಒಂದು ತೂತು, ಉಳಿದದ್ದೆಲ್ಲ ಸೀದಾ. ಸಾಲಿಗೊಂದರಂತೆ ಕುಣಿಕೆ ಹೆಚ್ಚುತ್ತಾ ತ್ರಿಕೋನ ಬೆಳೆಯುತ್ತದೆ. ಬದಿಯ ಅಂಚು ನಿಮಗೆ ಬೇಕಾದಷ್ಟು, ಸುಮಾರು 75 ಸೆಂ.ಮೀ., ಆದಾಗ ಇಳಿಸಲು ಆರಂಭಿಸಿರಿ: ಒಂದು ಸೀದಾ, ಎರಡು ಕೂಡಿಸಿ, ದಾರ ಸುತ್ತಿ ತೂತು, ಮತ್ತೆ ಎರಡು ಕೂಡಿಸಿ, ಉಳಿದದ್ದೆಲ್ಲ ಸೀದಾ. ಎರಡು ಕಳೆದು ಒಂದು ಕೂಡುವುದರಿಂದ ಸಾಲಿಗೊಂದು ಕುಣಿಕೆ ಕಡಿಮೆಯಾಗುತ್ತಾ ಬಂದು ಕೊನೆಗೆ ನಾಲ್ಕೇ ಉಳಿಯುತ್ತವೆ.

ಇದರಲ್ಲಿ ಮಾದರಿ ತುಂಡಿನ ಲೆಕ್ಕ ಬೇಕಿಲ್ಲ, ಉಲ್ಟಾ ಸಾಲಿಲ್ಲ, ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಎಲ್ಲ ಸಾಲೂ ಸೀದಾ ಆಗಿರುವುದರಿಂದ ನೀವು ಇಲ್ಲಿಯೂ ಈಚೆಯ ಕಾಲಿನಲ್ಲೇ ಕಡ್ಡಿ ಹಾಕಬೇಕು. ಹಿಂದಿನ ಸಾಲಿನ ತೂತನ್ನು ಹಿಂದಿನಿಂದ ಹೆಣೆದರೆ ಅದು ತಿರುಚಿ ಮುಚ್ಚಿಹೋಗುತ್ತದೆ, ಆದ್ದರಿಂದ ಅಂಚಿನ ತೂತುಗಳೇ ನಿಮ್ಮ ಕೈಯನ್ನು ಪರೀಕ್ಷಿಸುತ್ತವೆ. ದಾರ ಸಾಲುವುದೋ ಇಲ್ಲವೋ ಎಂಬ ಚಿಂತೆಗೆ ಅಡಿಗೆಮನೆಯ ತೂಕದ ಯಂತ್ರ ಸಾಕು. ಹೊದಿಕೆಗೆಂದು 300 ಗ್ರಾಂ ಇಟ್ಟುಕೊಂಡಿದ್ದರೆ, ಉಳಿದ ದಾರ 150 ಗ್ರಾಮಿಗಿಂತ ಸ್ವಲ್ಪ ಹೆಚ್ಚಿರುವಾಗಲೇ ಇಳಿಸಲು ಆರಂಭಿಸಿದರೆ ದ್ವಿತೀಯಾರ್ಧಕ್ಕೆ ಕೊರತೆಯಾಗದು. ಪ್ರತಿ ಇಪ್ಪತ್ತು ಸಾಲಿಗೊಮ್ಮೆ ಬೇರೆ ಬಣ್ಣದ ನಯವಾದ ತೆಳು ದಾರವನ್ನು ಸೂಜಿಯಿಂದ ಎಲ್ಲ ಕುಣಿಕೆಗಳ ಮೂಲಕ ಪೋಣಿಸಿಡಿ. ಮುಂದೆ ಎಲ್ಲಾದರೂ ತಪ್ಪಿದರೆ ಕಡ್ಡಿ ತೆಗೆದು ಧೈರ್ಯವಾಗಿ ಬಿಚ್ಚಬಹುದು, ಬಿಚ್ಚಿಕೊಳ್ಳುವುದು ಆ ದಾರದ ಬಳಿ ನಿಲ್ಲುತ್ತದೆ. ಎಲೆಯ ಲೇಸನ್ನು ಮುಂದೆ ಮಾಡುವಾಗಲೂ ಈ ಉಪಾಯ ಬಿಡಬೇಡಿ. ಮಗುವಿನ ಹೊದಿಕೆಯ ನಡುವೆ ದೊಡ್ಡ ತೂತುಗಳ ಲೇಸ್ ಇದ್ದರೆ ಪುಟ್ಟ ಬೆರಳುಗಳು ಸಿಕ್ಕಿಕೊಳ್ಳುತ್ತವೆ, ಅಂಚಿನಲ್ಲೇ ತೂತು ಇರಲಿ ಎನ್ನಲು ಅದೂ ಒಂದು ಕಾರಣ.

ಕೇಬಲ್ ಸ್ವೆಟರನ್ನು ಈ ಉಡುಗೊರೆಯಿಂದ ಬಿಡಿರಿ. ಕೇಬಲ್ ಕಷ್ಟವೆಂದು ಹೀಗೆ ಹೇಳುತ್ತಿಲ್ಲ. ಮೂರು ಕುಣಿಕೆಯನ್ನು ಸಣ್ಣ ಕಡ್ಡಿಯಲ್ಲಿ ಮುಂದೆ ಹಿಡಿದು ಮುಂದಿನ ಮೂರನ್ನು ಹೆಣೆದರೆ ಜಡೆ ಎಡಕ್ಕೆ, ಹಿಂದೆ ಹಿಡಿದು ಹೆಣೆದರೆ ಬಲಕ್ಕೆ ದಾಟುತ್ತದೆ, ಅಷ್ಟೇ. ಆದರೆ ಕುಣಿಕೆಗಳು ಒಂದರ ಮೇಲೊಂದು ಏರುವುದರಿಂದ ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ, ಬೆಚ್ಚಗಾಗುತ್ತದೆ. ಐರ್ಲೆಂಡಿನ ಆರನ್ ದ್ವೀಪಗಳು ಅಟ್ಲಾಂಟಿಕ್ ಗಾಳಿಗೆ ತೆರೆದುಕೊಂಡ ಜಾಗ. ಕೇಬಲ್ ಸ್ವೆಟರಿಗೆ ಅವು ಹೆಸರಾದದ್ದು ಸಹಜ. ಡೊಂಬಿವಲಿಯ ಹಸುಗೂಸಿಗೆ ಆ ಬೆಚ್ಚಗಿನ ಅಗತ್ಯವಿಲ್ಲ. ಜೊತೆಗೆ ಮೊದಲ ವರ್ಷದಲ್ಲಿ ಮಗುವಿನ ಎದೆ, ತೋಳಿನ ಅಳತೆ ಎಷ್ಟು ಬೇಗ ಬದಲಾಗುತ್ತದೆಂದರೆ ಈಗ ಮಾಡಿದ ಸ್ವೆಟರ್ ತೊಡುವ ದಿನಗಳು ಸ್ವಲ್ಪವೇ. ಮುಂದಿನ ನವೆಂಬರಿನ ಹುಟ್ಟುಹಬ್ಬಕ್ಕೆಂದು ಅದನ್ನು ಇಟ್ಟುಕೊಳ್ಳಿರಿ. ಈ ನಡುವೆ ನಿಮ್ಮ ಮನೆಯವರಿಗೊಂದು ಮಫ್ಲರ್ ಹೆಣೆಯುವಾಗ ನಡುವೆ ಆರು ಕುಣಿಕೆಯ ಒಂದೇ ಜಡೆ, ಎರಡೂ ಪಕ್ಕ ಎರಡೆರಡು ಉಲ್ಟಾ ಕುಣಿಕೆ ಇಟ್ಟು, ಎಂಟು ಸಾಲಿಗೊಮ್ಮೆ ದಾಟಿಸುತ್ತಾ ಕೈ ಪಳಗಿಸಿಕೊಳ್ಳಬಹುದು. ಚಿಂಚವಡದ ಚಳಿಗೆ ಅದು ಉಪಯೋಗಕ್ಕೂ ಬರುತ್ತದೆ. ಒಂದು ದಾಟು ತಪ್ಪು ಬದಿಗೆ ಹೋದರೆ ಇಡೀ ಮಫ್ಲರ್ ಬಿಚ್ಚಬೇಕಿಲ್ಲ. ಆ ಆರು ಕುಣಿಕೆಗಳನ್ನು ಮಾತ್ರ ದಾಟಿನವರೆಗೆ ಕೆಳಗೆ ಬಿಚ್ಚಿ, ಸರಿಯಾಗಿ ದಾಟಿಸಿ, ಬಿಚ್ಚಿದ ದಾರದಿಂದಲೇ ಮತ್ತೆ ಮೇಲಕ್ಕೆ ಹೆಣೆದುಕೊಂಡು ಬರಬಹುದು.

ತೊಟ್ಟಿಲು ಕಾರ್ಯಕ್ಕೆ ಕೆಲ ದಿನ ಮೊದಲೇ ಹೆಣಿಗೆ ಮುಗಿಸಿ ಎರಡನ್ನೂ ತಣ್ಣೀರಿನಲ್ಲಿ ಮೃದುವಾದ ಸಾಬೂನಿನಿಂದ ಒಗೆಯಿರಿ. ಹಿಂಡದೆ ಟವಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಪ್ಪಟೆಯಾಗಿ ಹರಡಿ ನೆರಳಿನಲ್ಲಿ ಒಣಗಿಸಿರಿ. ಹಗ್ಗದ ಮೇಲೆ ಹಾಕಿದರೆ ಒದ್ದೆ ಹತ್ತಿಯ ಭಾರಕ್ಕೆ ಹೊದಿಕೆ ಜೋತು ಉದ್ದವಾಗುತ್ತದೆ. ಮಿಶ್ರ ದಾರವಾದರೆ ಇಸ್ತ್ರಿ ತಾಗಿಸಬೇಡಿ. ಕೊಡುವಾಗ ದಾರದ ಲೇಬಲ್ಲನ್ನೂ ಉಳಿದ ದಾರದ ಒಂದು ಸಣ್ಣ ಉಂಡೆಯನ್ನೂ ಪೊಟ್ಟಣದಲ್ಲಿ ಸೇರಿಸಿರಿ. ಒಗೆಯುವ ಕ್ರಮ ಲೇಬಲ್ಲಿನಲ್ಲಿ ಇರುತ್ತದೆ, ಮತ್ತು ತೊಟ್ಟಿಲಿನ ಕೊಂಡಿಗೋ ಬಳೆಗೋ ಒಂದು ಎಳೆ ಸಿಕ್ಕಿ ಹರಿದರೆ ಅದೇ ಬಣ್ಣದ ದಾರ ಅವರ ಕೈಯಲ್ಲೇ ಇರುತ್ತದೆ.